ಮಂಡಿಯಲ್ಲಿ ಕೂರದ ರೇಣುಕಾಪ್ರಸಾದ್

ಶಿಕಾರಿಪುರದ ಆ ಬೀದಿಯಲ್ಲಿ ಅವನ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಈ ಹುಡುಗನ ಕಾಲಲ್ಲಿ ಚಕ್ರ ಐತೆ ಎಂದು ಎದುರುಮನೆಯ ಬಸವಣ್ಣೆಮ್ಮ ಹೇಳುತ್ತಿದ್ದರು. ಅವನು ಊಟಕ್ಕೆ ಕೂತರೆ ತಟ್ಟೆಯೇ ಜಾಗ ಬದಲಿಸುತ್ತದೆ ಎನ್ನುವುದು ಪಕ್ಕದ ಮನೆಯವರ ದೂರು. ಬೆಳಿಗ್ಗೆ ಎದುರಿಗೆ ಓಡಿಹೋದವನು ಮುಂದಿನ ತಿರುವಿನಲ್ಲಿ ಮತ್ತೆ ಎದುರಿಗೇ ಬರುತ್ತಾನಲ್ಲ, ಈ ಮನೆಯಲ್ಲಿ ಅವಳಿ ಮಕ್ಕಳೇ ಎಂದು ಹಾಲು ಹಾಕುವವನು ಕೇಳಿದ್ದನಂತೆ. ಹೆತ್ತ ತಾಯಿ ರಾಜೇಶ್ವರಮ್ಮನವರದು ಬೇರೆಯೇ ಕಥೆ: ಹೊಟ್ಟೆಯಲ್ಲಿದ್ದಾಗಲೇ ಎಡಮಗ್ಗುಲಿಗೆ ಮಲಗಗೊಡುತ್ತಿರಲಿಲ್ಲ, ಪ್ರಾಕ್ಟೀಸು ಅಲ್ಲೇ ಶುರುವಾಗಿತ್ತು.

ಹೆಸರು ರೇಣುಕಾಪ್ರಸಾದ್. ಊರಿನ ಬಾಯಲ್ಲಿ ರೇಣು. ಚೆಂಡಾಟ ಆಡಿ ಅನ್ನ ಸಂಪಾದಿಸಿದವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದಾರೋ ಇಲ್ಲವೋ, ಬೀದಿಗೆ ಗೊತ್ತಿದ್ದವನು ಇವನೊಬ್ಬನೇ.

ತಂದೆ ಮಹೇಶ್ವರಪ್ಪನವರದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ರೈತರು ತಂದ ಮಾಲನ್ನು ಇಳಿಸಿಕೊಂಡು, ಹರಾಜಿಗಿಟ್ಟು ಮಾರಿಸಿಕೊಡುವ ಅಂಗಡಿ. ಅವರ ಅಪ್ಪನೂ ಅದೇ ಮಂಡಿಯಲ್ಲಿ ಕೂತವರು. ಈ ‘ಕೂತ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ ಓಡುತ್ತಾನೆ. ತೂಕ ಮಾಡುವವನು ನಿಲ್ಲುತ್ತಾನೆ. ಗುಮಾಸ್ತ ಸ್ಟೂಲಿನ ತುದಿಯಲ್ಲಿ ಅರ್ಧ ಕೂತು ಅರ್ಧ ಎದ್ದಿರುತ್ತಾನೆ. ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ದಿಂಬಿಗೊರಗಿ, ಚಕ್ಕಳಮಕ್ಕಳ ಹಾಕಿ ಕೂರುವವರು ಸಾವ್ಕಾರರು ಮಾತ್ರ. ಹಾಗಾಗಿ ಆ ಮನೆತನಗಳಲ್ಲಿ ಮಗ ಉದ್ಧಾರವಾದ ಎನ್ನಲು ಬೇರೆ ಮಾತೇ ಇಲ್ಲ. ಮಗ ಕೂತ ಎನ್ನುತ್ತಾರೆ, ಅಷ್ಟೆ.

ರೇಣು ಕೂರಲಿಲ್ಲ. ರಜೆಯಲ್ಲಿ ಮಂಡಿಗೆ ಕರೆದುಕೊಂಡು ಹೋದರೆ ಹಮಾಲರ ಜೊತೆ ಮೂಟೆಗಳ ಸಂದಿಯಲ್ಲಿ ಓಡಾಡಿ, ಬಿದ್ದ ಜೋಳದ ದಿಂಡನ್ನು ಗೋಡೆಗೆ ಒದೆಯುತ್ತಿದ್ದ. ಒಂದು ದಿಂಡು ಹರಾಜು ಕೂಗುತ್ತಿದ್ದವನ ಕಿವಿಗೆ ಬಿದ್ದು, ರೇಟು ಕೂಗುವುದು ತಪ್ಪಿ, ಆ ರೈತನಿಗೆ ಒಳ್ಳೆಯ ಬೆಲೆ ಸಿಕ್ಕಿತು ಎಂಬುದು ಯಾರ್ಡಿನಲ್ಲಿ ಇವತ್ತಿಗೂ ಓಡಾಡುವ ಸುದ್ದಿ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ.

ಹೈಸ್ಕೂಲಿನ ಪಿಟಿ ಮೇಷ್ಟ್ರು ಉಚ್ಚಂಗಪ್ಪನವರು ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ಫುಟ್ಬಾಲ್ ಆಡಿ ಬೆಳೆದವರು. ಕ್ರಿಕೆಟ್ಟು, ಕಬಡ್ಡಿ ಬಿಟ್ಟು ಬೇರೇನನ್ನೂ ನೋಡದ ಮಕ್ಕಳ ಮಧ್ಯೆ ಒಂದು ಹಳೆಯ ಚೆಂಡನ್ನು ಬಿಟ್ಟರು. ಬೇರೆ ಮಕ್ಕಳು ಚೆಂಡಿರುವಲ್ಲಿಗೆ ಓಡಿದರೆ ಇವನು ಚೆಂಡು ಬರಲಿರುವಲ್ಲಿಗೆ ಓಡುತ್ತಿದ್ದನಂತೆ. ಮೇಷ್ಟ್ರು ಅದನ್ನು ನೋಡಿದವರೇ ಸೈಕಲ್ ಹತ್ತಿ ಮಂಡಿಗೆ ಹೋಗಿ, ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಹುಡುಗನನ್ನು ಕಳಿಸಿ ಎಂದು ಮಹೇಶ್ವರಪ್ಪನವರನ್ನು ಕೇಳಿದರು. ಅವರೂ ಲೆಕ್ಕಾಚಾರದ ಮನುಷ್ಯ. ಓಡುವುದೆಲ್ಲ ಓಡಿ ಮುಗಿಸಲಿ, ದಣಿದ ಮೇಲೆ ಬಂದು ಕೂರುತ್ತಾನೆ ಎಂದು ಒಪ್ಪಿದರು.

ದಣಿಯಲಿಲ್ಲ. ಹಾಸ್ಟೆಲಿನಿಂದ ಬೆಂಗಳೂರಿನ ಒಂದು ಕ್ಲಬ್ಬು, ಅಲ್ಲಿಂದ ಗೋವಾ, ಗೋವಾದಿಂದ ಕಲ್ಕತ್ತಾ, ಮತ್ತೆ ಗೋವಾ, ಆಮೇಲೆ ಕೇರಳ. ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಒಂಬತ್ತನೇ ನಂಬರಿನ ಅಂಗಿ ತೊಟ್ಟು ಆಡಿದ. ಕೆಲಸ ಗೋಲು ಹೊಡೆಯುವುದು, ಆಟದ ಮಾತಿನಲ್ಲಿ ಸ್ಟ್ರೈಕರ್. ದೊಡ್ಡ ಆಳಲ್ಲ, ಎತ್ತರದ ಚೆಂಡಿಗೆ ತಲೆ ಕೊಡುವುದರಲ್ಲಿ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಆದರೆ ಎದುರಾಳಿ ಒಂದು ಕ್ಷಣ ಉಸಿರೆಳೆದುಕೊಳ್ಳಲು ನಿಂತರೆ ಆ ಕ್ಷಣದಲ್ಲಿ ಇವನು ಅವನ ಬೆನ್ನ ಹಿಂದೆ ಇರುತ್ತಿದ್ದ. ಗೋಲಾದ ಮೇಲೆ ಕುಣಿಯುವ, ಅಂಗಿ ಬೀಸುವ ಅಭ್ಯಾಸವಿಲ್ಲ. ಬಲೆಯೊಳಗಿಂದ ಚೆಂಡು ತೆಗೆದುಕೊಂಡು ಮೈದಾನದ ನಡುವಿಗೆ ಓಡುವುದೇ, ಇನ್ನೊಂದಕ್ಕೆ. ಅಪ್ಪಿಕೊಳ್ಳಲು ಬಂದ ಜೊತೆಗಾರರು ಅವನ ಹಿಂದೆ ಓಡಬೇಕಾಗುತ್ತಿತ್ತು.

ಮನೆಯ ಒಂದು ರೂಢಿ ಮಾತ್ರ ಅವನನ್ನು ಬಿಡಲಿಲ್ಲ. ಯಾರಿಗಾದರೂ ಕಾಲು ತಗುಲಿದರೆ ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲ, ಅದನ್ನು ಮೈದಾನದಲ್ಲೂ ಮಾಡುತ್ತಿದ್ದ. ಕಲ್ಕತ್ತಾದಲ್ಲಿ ಒಬ್ಬ ಗೋಲ್‌ಕೀಪರ್ ಅಣಕಿಸುತ್ತಿದ್ದಾನೆಂದು ತಿಳಿದು ಹೊಡೆಯಲು ಬಂದಿದ್ದ.

ಹೆಣ್ಣು ನೋಡಲು ಸೊರಬ ತಾಲ್ಲೂಕಿನ ಉಳವಿಗೆ ಹೋದರು. ಹುಡುಗ ಸ್ಟ್ರೈಕರ್ ಎಂದಾಗ ಹೆಣ್ಣಿನ ತಂದೆಗೆ ಗಾಬರಿ. ಮುಷ್ಕರ ಮಾಡಿಸುವವನಿಗೆ ಮಗಳನ್ನು ಕೊಡುವುದು ಹೇಗೆ ಎಂದು ಒಳಗೆ ಹೋಗಿ ಗುಸುಗುಸು ಮಾಡಿದರು. ಹುಡುಗ ಚಾಪೆಯ ಮೇಲೆ ಕೂತಲ್ಲೇ ಮಿಸುಕಾಡುತ್ತ, ಏಳುತ್ತ, ಕಿಟಕಿಯ ಹತ್ತಿರ ಹೋಗುತ್ತ, ಮತ್ತೆ ಬಂದು ಕೂರುತ್ತ ಇದ್ದ. ಬಚ್ಚಲಿಗೆ ಹೋಗಬೇಕೇನೋ ಎಂದು ಯಾರೋ ದಾರಿ ತೋರಿಸಿದರು. ಹುಡುಗಿ ಗಂಗಾಶ್ರೀ, ಸೊರಬದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. “ಅವರನ್ನ ಕೂರಿಸ್ಬೇಡಿ ಮಾರಾಯ್ರೆ, ತೋಟ ತೋರಿಸ್ಕೊಂಡು ಬನ್ನಿ” ಎಂದಳು. ಮದುವೆ ಆ ಮಾತಿಗೇ ನಿಶ್ಚಯವಾಯಿತು ಎಂದು ರೇಣು ಹೇಳುತ್ತಿದ್ದ. ಆಮೇಲೂ ಅವಳ ಕೆಲಸ ಸೊರಬದಲ್ಲಿ, ಅವನ ಆಟ ಎಲ್ಲೆಲ್ಲೋ. ಶನಿವಾರ ಸ್ಕೂಲು ಬಿಟ್ಟ ಮೇಲೆ ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಅವಳು ಶಿಕಾರಿಪುರದ ಅತ್ತೆ ಮನೆಗೆ ಬರುವಳು, ಅವನು ಊರಿನಲ್ಲಿದ್ದರೂ ಇಲ್ಲದಿದ್ದರೂ.

ಕೇರಳದ ಕ್ಲಬ್ಬಿಗೆ ಹೊಸ ಕೋಚ್ ಬಂದ, ಜೊತೆಗೆ ಹೊರದೇಶದ ಒಬ್ಬ ಹೊಸ ಸ್ಟ್ರೈಕರನನ್ನೂ ತಂದ. ಮೊದಲ ಪಂದ್ಯದಲ್ಲಿ ರೇಣು ಆಟಕ್ಕಿಲ್ಲ, ಬೆಂಚಿನ ಮೇಲೆ. ಎರಡನೆಯದರಲ್ಲೂ ಅದೇ. ಮೂವತ್ತು ದಾಟಿದ ಆಟಗಾರನಿಗೆ ಅದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಬೆಂಚಿನ ಕೆಳಗೆ ಅವನ ಕಾಲುಗಳು ತಾವಾಗಿ ನೆಲ ಕೆರೆಯುತ್ತಿದ್ದವು. ಆ ವಾರ ತಾಯಿ ಫೋನ್ ಮಾಡಿ, ಹೆಂಗಿದೀಯಪ್ಪ ಎಂದು ಕೇಳಿದಾಗ ಸುಳ್ಳು ಹೇಳಲು ಬಾರದೆ, “ಈ ಸಲ ನನ್ನ ಕೂರಿಸಿದಾರಮ್ಮ” ಎಂದುಬಿಟ್ಟ.

ರಾಜೇಶ್ವರಮ್ಮನವರ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಫೋನಿಟ್ಟವರೇ ಸೀದಾ ಎದುರುಮನೆಗೆ ಹೋದರು. ಇಷ್ಟು ವರ್ಷ ಬರೀ ಓಡಿಸುತ್ತಿದ್ದರು, ಕೊನೆಗೂ ನಮ್ಮ ಹುಡುಗನನ್ನು ಕೂರಿಸಿದರಂತೆ ಎಂದರು. ಬಸವಣ್ಣೆಮ್ಮನವರ ಬಾಯಿಗೆ ಬಿದ್ದ ಮೇಲೆ ಕೇಳಬೇಕೇ? ಸಂಜೆಯ ಹೊತ್ತಿಗೆ ಸುದ್ದಿ ಬೀದಿ ದಾಟಿ ಯಾರ್ಡು ಮುಟ್ಟಿತು. ಕೂರಿಸಿದ್ದು ಎಲ್ಲಿ, ಯಾವ ಕುರ್ಚಿ, ಕೈಕೆಳಗೆ ಎಷ್ಟು ಜನ ಎಂಬುದಕ್ಕೆ ಒಬ್ಬೊಬ್ಬರೂ ತಮ್ಮ ತಮ್ಮ ಪಾಲು ಸೇರಿಸಿದರು. ಮಹೇಶ್ವರಪ್ಪನವರು ಪೇಡ ತರಿಸಿ ಹಮಾಲರಿಂದ ಹಿಡಿದು ಪಕ್ಕದ ಮಂಡಿಯ ಸಾವ್ಕಾರರವರೆಗೆ ತಮ್ಮ ಕೈಯಿಂದಲೇ ಹಂಚಿದರು. ಅವರು ಯಾರಿಗೂ ಏನನ್ನೂ ಕೈಯಾರೆ ಹಂಚಿದ್ದನ್ನು ಯಾರ್ಡು ಅದುವರೆಗೆ ಕಂಡಿರಲಿಲ್ಲ.

ದೀಪಾವಳಿಗೆ ರೇಣು ಊರಿಗೆ ಬಂದ. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಕೈ ಕುಲುಕಿದವರೇ ಕುಲುಕಿದವರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಮನೆ ಮುಂದೆ ಬಸವಣ್ಣೆಮ್ಮ ತಡೆದು ನಿಲ್ಲಿಸಿದರು.

“ಕೂರಿಸಿದ್ರಂತಲ್ಲಪ್ಪ. ನಾನು ಅಂದಿದ್ದೆ ನಿಮ್ಮಮ್ಮಂಗೆ, ಓಡೋ ಎತ್ತು ಒಂದಿನ ನೆರಳಿಗೆ ಬಂದೇ ಬರ್ತೈತೆ ಅಂತ. ಇನ್ನು ಅಲ್ಲಿಂದ ಏಳಬ್ಯಾಡ ನೋಡು.”

ಆಗ ಅರ್ಥವಾಯಿತು. ಹೇಳಬೇಕೆಂದು ಬಾಯಿ ತೆರೆದ. ಒಳಗಿನಿಂದ ಅಮ್ಮ ಆರತಿ ತಟ್ಟೆ ಹಿಡಿದು ಬರುತ್ತಿದ್ದರು. ಬಾಯಿ ಮುಚ್ಚಿಕೊಂಡ. ಮಾರನೆಯ ದಿನ ಮಂಡಿಯ ಲಕ್ಷ್ಮೀಪೂಜೆಯಲ್ಲಿ ಅಪ್ಪ ಎಲ್ಲರೆದುರು ಅವನ ಕೈ ಹಿಡಿದು ಗಾದಿಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. ಅಲ್ಲೂ ಕೂರಿಸಿದರು, ಇಲ್ಲೂ ಕೂತು ಅಭ್ಯಾಸವಿರಲಿ ಎಂದು ನಕ್ಕರು. ಅಪ್ಪ ನಕ್ಕದ್ದನ್ನು ರೇಣು ಎಷ್ಟು ಸಲ ನೋಡಿದ್ದನೋ, ತುಂಬಾ ಸಲವಂತೂ ಅಲ್ಲ.

ಹಬ್ಬ ಮುಗಿಯುವ ಮೊದಲೇ ಬಸ್ಸು ಹತ್ತಿದ. ತಂಡದಲ್ಲಿ ಮತ್ತೆ ಜಾಗ ಗಿಟ್ಟಿಸಿ, ಹಂಚಿದ ಪೇಡವನ್ನು ನಿಜ ಮಾಡದೆ ವಿಧಿಯಿಲ್ಲ ಎಂಬಂತಾಗಿತ್ತು. ದಾರಿಯುದ್ದಕ್ಕೂ ಸೀಟಿನಲ್ಲಿ ಇರಲಾಗದೆ ಬಾಗಿಲ ಬಳಿ ನಿಂತೇ ಹೋದ. ಹೋದವನು ಕೋಚಿನ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೈದಾನಕ್ಕಿಳಿದ, ಎಲ್ಲರೂ ಹೋದ ಮೇಲೂ ಓಡಿದ. ಹಳೆಯ ನೋವೊಂದಿದ್ದ ಬಲಗಾಲಿಗೆ ಪಟ್ಟಿ ಬಿಗಿದುಕೊಂಡು ಯಾರಿಗೂ ಹೇಳಲಿಲ್ಲ. ತಂಡದೊಳಗೇ ನಡೆದ ಒಂದು ಅಭ್ಯಾಸದ ಆಟದಲ್ಲಿ, ಯಾರೂ ತಗುಲದೆ, ಬರೀ ತಿರುಗಲು ಹೋಗಿ ಬಿದ್ದ. ಮೊಣಕಾಲಿನೊಳಗೆ ಏನೋ ಕಿತ್ತುಕೊಂಡ ಹಾಗಾಯಿತು.

ಮನೆಗೆ ಫೋನ್ ಮಾಡಿ, ಮಂಡಿ ಹೋಯ್ತು ಅಪ್ಪಾಜಿ ಎಂದ. ಮಹೇಶ್ವರಪ್ಪನವರು, ಯಾಕೋ, ನಾನು ಮಂಡಿಯಲ್ಲೇ ಕೂತಿದ್ದೀನಲ್ಲ ಎಂದರು. ನಮ್ಮ ಭಾಷೆಯಲ್ಲಿ ಮೊಣಕಾಲೂ ಮಂಡಿ, ಅಂಗಡಿಯೂ ಮಂಡಿ. ಮುಂದಿನ ತಿಂಗಳುಗಳಲ್ಲಿ ಆ ಮನೆ ಈ ಎರಡರ ನಡುವೆ ಸಿಕ್ಕಿಕೊಂಡಿತು.

ಆಪರೇಷನ್ ಆಯಿತು. ಕ್ಲಬ್ಬು ಒಪ್ಪಂದವನ್ನು ಮುಂದುವರಿಸಲಿಲ್ಲ. ರೇಣು ಊರುಗೋಲಿನಲ್ಲಿ ಶಿಕಾರಿಪುರಕ್ಕೆ ಬಂದ. ನಡೆಯುವಷ್ಟಾದ ಮೇಲೆ ಅಪ್ಪ ಮಂಡಿಗೆ ಕರೆದುಕೊಂಡು ಹೋದರು, ಮತ್ತೆ ಗಾದಿ ತೋರಿಸಿದರು. ಆಪರೇಷನ್ ಆದ ಮೊಣಕಾಲು ಅಷ್ಟು ಮಡಚುವುದಿಲ್ಲ. ಡಾಕ್ಟರು ಹೇಳಿದ್ದೇ ಹಾಗೆ: ವ್ಯಾಯಾಮ ಸರಿಯಾಗಿ ಮಾಡಿದರೆ ಇನ್ನೊಂದು ಸೀಸನ್ ಓಡಬಹುದು, ಚಕ್ಕಳಮಕ್ಕಳ ಮಾತ್ರ ಬೇಡ. ಗಾದಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಸಾವ್ಕಾರರು ಕೆಳಗೆ, ಮಗ ಮೇಲೆ. ನೋಡಿದವರಿಗೆ ನಗು, ಕೂತವನಿಗೆ ಮುಜುಗರ. ರೈತರು ಬಂದು ‘ಮಂಡಿ ಹೆಂಗೈತ್ರೀ’ ಎಂದರೆ ಅಪ್ಪ ಪರವಾಗಿಲ್ಲ ಎನ್ನುವುದಕ್ಕೂ ಮಗ ಇನ್ನೂ ನೋವೈತೆ ಎನ್ನುವುದಕ್ಕೂ ಸರಿಹೋಗುತ್ತಿತ್ತು.

ಕೆಲಸ ಬರುತ್ತಿರಲಿಲ್ಲವೆಂದಲ್ಲ. ಜೋಳದಲ್ಲಿ ಎಷ್ಟು ತೇವವಿದೆ ಎಂದು ಹಲ್ಲಲ್ಲಿ ಕಚ್ಚಿ ಹೇಳುವುದನ್ನು ಕಲಿತ. ಆದರೆ ಕುರ್ಚಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಗಾದಿಯ ಪಕ್ಕದಲ್ಲಿದ್ದದ್ದು ಮಧ್ಯಾಹ್ನಕ್ಕೆ ಬಾಗಿಲಲ್ಲಿ, ಸಂಜೆಗೆ ಅಂಗಳದಲ್ಲಿ. ದೊಡ್ಡಪ್ಪನ ಮಗ ಮಾಲತೇಶ್, ಕೆಲವು ವರ್ಷಗಳಿಂದ ಅಲ್ಲೇ ಗುಮಾಸ್ತನಾಗಿದ್ದವನು, ಪ್ರತಿ ರಾತ್ರಿ ಅದನ್ನು ಒಳಗೆ ತಂದಿಡುತ್ತಿದ್ದ. ನಸುಕಿನಲ್ಲಿ ರೇಣು ಕೆರೆ ಏರಿಯ ಮೇಲೆ ಮೊದಲು ನಡೆದ, ಆಮೇಲೆ ಓಡಿದ, ಆಮೇಲೆ ತಿರುಗುತ್ತ ಓಡಿದ. ಅದನ್ನು ಮನೆಯಲ್ಲಿ ಹೇಳಲಿಲ್ಲ. ಬೀದಿಗೆ ಮಾತ್ರ ಗೊತ್ತಿತ್ತು.

ಮಳೆಗಾಲದ ಒಂದು ಮಧ್ಯಾಹ್ನ, ಮಾಲು ಬಾರದ ಸಮಯ, ಮಂಡಿಯಲ್ಲಿ ಅಪ್ಪ ಮಗ ಇಬ್ಬರೇ.

“ಬಸವಣ್ಣೆಮ್ಮ ಕೇಳ್ತಿದ್ರು, ಅಂಥಾ ಕಡೆ ಕೂರಿಸಿದ್ರಲ್ಲ, ಯಾಕೆ ಬಿಟ್ಟು ಬಂದ ಅಂತ” ಎಂದರು ಮಹೇಶ್ವರಪ್ಪನವರು. “ಕಾಲು ಹೋದ್ರೇನು, ಕೂರೋಕೆ ಕಾಲು ಯಾಕೆ ಬೇಕು?”

ರೇಣು ಎದ್ದು ನಿಂತ. “ಅಪ್ಪಾಜಿ, ಅಲ್ಲಿ ಕೂರಿಸೋದು ಅಂದ್ರೆ ಬೇಡ ಅಂತ.”

“ಏನು?”

“ಹನ್ನೊಂದು ಜನ ಆಡ್ತಾರೆ. ಬೇಡಾದವರನ್ನ ಗೆರೆ ಆಚೆ ಬೆಂಚಲ್ಲಿ ಕೂರಿಸ್ತಾರೆ. ನನ್ನ ಅಲ್ಲಿ ಕೂರಿಸಿದ್ರು.”

ಮಹೇಶ್ವರಪ್ಪನವರು ದಿಂಬನ್ನು ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ದಿಂಬು. “ಪೇಡ ಹಂಚಿದೆನಲ್ಲೋ ನಾನು.”

“ಗೊತ್ತು.”

“ಹಬ್ಬಕ್ಕೆ ಬಂದಾಗ ಹೇಳ್ಬೇಕಿತ್ತು.”

“ಎಲ್ಲರ ಬಾಯಲ್ಲೂ ಪೇಡ ಇತ್ತು ಅಪ್ಪಾಜಿ.”

ಹೊರಗೆ ಹಮಾಲರು ಇಸ್ಪೀಟು ಹಾಕುವ ಸದ್ದು. ಅಪ್ಪ, ಮಗನ ಮುಖ ನೋಡದೆ, “ಅಲ್ಲಿ ಬೇಡ ಅಂತ ಇರಬಹುದು. ಇಲ್ಲಿ ಕೂರಿಸೋದು ಅಂದ್ರೆ ಬೇಕು ಅಂತ” ಎಂದರು.

ಆ ಮಾತು ರೇಣುವನ್ನು ಹಿಡಿದುಹಾಕಿತು. ಬೈದಿದ್ದರೆ ಓಡಿಹೋಗುವುದು ಸುಲಭವಿತ್ತು. ಅವತ್ತಿನಿಂದ ಕುರ್ಚಿಯನ್ನು ಗಾದಿಯ ಪಕ್ಕದಿಂದ ಕದಲಿಸದಿರಲು ನೋಡಿದ. ಅದರ ಕೈಗಳನ್ನು ಬಿಗಿಹಿಡಿದು ಕೂರುತ್ತಿದ್ದ.

ಮೆಕ್ಕೆಜೋಳದ ಮೊದಲ ಲೋಡುಗಳು ಬರುವ ಹೊತ್ತಿಗೆ ಗೋವಾದಿಂದ ರಾಹುಲ್ ಫೋನ್ ಮಾಡಿದ. ಜೊತೆಯಲ್ಲಿ ಆಡಿದವನು, ಈಗ ಮಡಗಾಂವ್ ಕಡೆಯ ಒಂದು ಹೊಸ ತಂಡಕ್ಕೆ ಕೋಚ್. ಸಣ್ಣ ತಂಡ, ಕೆಳಗಿನ ಲೀಗು. ಆಯ್ಕೆ ನಡೆಯುತ್ತಿದೆ, ಬಂದು ಆಡಿ ತೋರಿಸು, ಸ್ನೇಹಕ್ಕೆ ಜಾಗ ಕೊಡುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಬಂದವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗರು ಎಂದೂ ಹೇಳಿದ.

ರೇಣು ಅಪ್ಪನಿಗೆ ಅವತ್ತೇ ತಿಳಿಸಿದ. ಮಹೇಶ್ವರಪ್ಪನವರು ಕೂಗಾಡಲಿಲ್ಲ. ತಮ್ಮ ಬೆನ್ನು ಇನ್ನು ಒಂದು ಸುಗ್ಗಿಯನ್ನು ತಡೆಯುವುದಿಲ್ಲ, ಗಾದಿ ಖಾಲಿ ಬಿಡಲಾಗುವುದಿಲ್ಲ, ಹೋದರೆ ಮಾಲತೇಶನನ್ನು ಕೂರಿಸುತ್ತೇನೆ, ಕೂರಿಸಿದವನನ್ನು ಆಮೇಲೆ ಎಬ್ಬಿಸುವ ಜಾತಿ ನಮ್ಮದಲ್ಲ ಎಂದರು. ನ್ಯಾಯವಾದ ಮಾತು. ಅದೇ ಕಷ್ಟ. ಅಲ್ಲಿ ಆಯ್ಕೆಯಾಗದಿದ್ದರೆ ಅದೂ ಇಲ್ಲ, ಇದೂ ಇಲ್ಲ.

ಮೂರ್ನಾಲ್ಕು ದಿನ ಅವನು ಮನೆಯೊಳಗೇ ನಡೆದ. ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಮಹಡಿಗೆ. ಶನಿವಾರ ಗಂಗಾಶ್ರೀ ಬಂದಳು. ಗೋವಾದ ವಿಷಯ ಫೋನಿನಲ್ಲೇ ಕೇಳಿದ್ದವಳು, ಚಪ್ಪಲಿ ಬಿಡುವ ಮೊದಲೇ ಅವನನ್ನು ನೋಡಿ ತಿಳಿದುಕೊಂಡಳು.

“ಇರಿ ಅಂದ್ರೆ ಇರೋದಿಲ್ಲ, ಹೋಗಿ ಅಂದ್ರೆ ಹೋಗೋದಿಲ್ಲ. ನಾನು ಯಾರಿಗೆ ಅಂತ ಅನ್ನ ಇಡಲಿ ಮಾರಾಯ್ರೆ?”

“ಅಪ್ಪಾಜಿ ಬೇಕು ಅಂದ್ರು ಕಣೆ.”

“ಅವರಿಗೆ ನೀವು ಬೇಕು. ಮಂಡೀಲಿ ಕೂರೋ ಮನುಷ್ಯ ಬೇರೆ ಬೇಕು. ಎರಡನ್ನೂ ಒಂದೇ ಕುರ್ಚೀಲಿ ಹಾಕಿ ನೋಡ್ತಿದೀರಿ ಎಲ್ಲರೂ.” ನೀರು ಕುಡಿದು ಲೋಟ ಕೆಳಗಿಟ್ಟಳು. “ಗೋವಾದವರು ತಗೊಂಡ್ರೂ ಸರಿ, ಬಿಟ್ರೂ ಸರಿ, ಆಮೇಲೆ ಸೊರಬಕ್ಕೆ ಬನ್ನಿ. ನನ್ನ ಸ್ಕೂಲಿನ ಹಿಂದೆ ದೊಡ್ಡ ಬಯಲಿದೆ. ಹೆಣ್ಮಕ್ಕಳು ಆಟ ಹೇಳಿಕೊಡೋರಿಲ್ದೆ ಬಿಡುವಲ್ಲಿ ಸುಮ್ನೆ ನಿಂತಿರ್ತಾರೆ, ನೋಡೋಕಾಗಲ್ಲ.”

ಸೋಮವಾರ ರೇಣು ಅಪ್ಪನಿಗಿಂತ ಮೊದಲು ಮಂಡಿಗೆ ಹೋದ. ಗಾದಿಯ ಬಟ್ಟೆ ಬದಲಿಸಿದ. ಮಾಲತೇಶ್ ಬಂದಾಗ ಅವನ ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದ. ಮಾಲತೇಶ್ ಬೇಡವೆನ್ನುತ್ತ, ಒಂದು ಕಾಲನ್ನು ಕೆಳಗೇ ಊರಿಕೊಂಡಿದ್ದ. “ಎರಡೂ ಕಾಲು ಮೇಲಕ್ಕೆ ತಗೊಳೋ, ನಂಗೆ ಮಡಚೋಕೆ ಬರಲ್ಲ, ನಿಂಗೂ ಬರಲ್ವಾ” ಎಂದ ರೇಣು. ಬಾಗಿಲಲ್ಲಿ ಬಂದು ನಿಂತಿದ್ದ ಮಹೇಶ್ವರಪ್ಪನವರು ಒಳಗೆ ಬಂದು ಇಬ್ಬರನ್ನೂ ನೋಡಿದರು. ಹೊರಗೆ ಲೋಡು ಬಂತೆಂದು ಹಮಾಲರು ಕೂಗಿದರು. ಎದ್ದು ಹೋಗಬೇಡ, ಅಲ್ಲಿಂದಲೇ ರೇಟು ಕೇಳು ಎಂದು ಮಾಲತೇಶನಿಗೆ ಹೇಳಿ, ಅವರೇ ಲಾರಿಯ ಕಡೆ ನಡೆದರು.

ಹೊರಡುವ ಬೆಳಿಗ್ಗೆ ರಾಜೇಶ್ವರಮ್ಮ ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ತುರುಕಿದರು. ಬೂಟಿನ ಪಕ್ಕ ಅನ್ನದ ಗಂಟು ಇಡುವುದುಂಟೇ ಎಂದು ಬೂಟು ಹೊರಗೆ ತೆಗೆದರು. ಬೂಟಿಲ್ಲದೆ ಹೋಗಿ ಏನು ಮಾಡಲಮ್ಮ ಎಂದ ಮಗ. ಕೊನೆಗೆ ತಮ್ಮದೊಂದು ಹಳೆಯ ಸೀರೆಯ ತುಂಡಿನಲ್ಲಿ ಬೂಟು ಸುತ್ತಿ ಒಳಗಿಟ್ಟರು. ಮಹಡಿಯ ಕೋಣೆಯಲ್ಲಿದ್ದ ಅವನ ಬಟ್ಟೆ, ಗೆದ್ದ ಕಪ್ಪುಗಳು, ಹಳೆಯ ಅಂಗಿಗಳನ್ನೆಲ್ಲ ಗಂಗಾಶ್ರೀ ಹಿಂದಿನ ದಿನವೇ ಸೊರಬಕ್ಕೆ ಸಾಗಿಸಿದ್ದಳು. ಇನ್ನು ಈ ಮನೆಗೆ ಅವನು ನೆಂಟನಾಗಿ ಬರಬೇಕು. ಅದು ಅಪ್ಪ, ಅಮ್ಮ, ಮಗ ಮೂವರಿಗೂ ಗೊತ್ತಿತ್ತು.

ಗೇಟಿಗೆ ಅಡ್ಡ ನಿಂತಿದ್ದ ಸ್ಕೂಟರನ್ನು ಮಹೇಶ್ವರಪ್ಪನವರು ತಳ್ಳಿ ಬದಿಗಿಡುತ್ತಿದ್ದರು. ಸ್ಟ್ಯಾಂಡು ಹಾಕುತ್ತ ಕೇಳಿದರು.

“ಆಟ ನೋಡೋಕೆ ಟಿಕೆಟ್ ಬೇಕಾಗುತ್ತೇನು?”

“ಮೊದಲು ನನ್ನ ತಗೊಳ್ಳಲಿ ಅಪ್ಪಾಜಿ.”

“ತಗೋತಾರೆ ಅಂತ ನಾನು ಹೇಳಿಲ್ಲ. ಟಿಕೆಟ್ ಬೇಕಾ ಅಂತ ಕೇಳಿದೆ.”

“ಇದಕ್ಕೆ ಬೇಡ. ಗೆರೆ ಪಕ್ಕ ಯಾರು ಬೇಕಾದ್ರೂ ನಿಂತ್ಕೋಬಹುದು.”

ಹೂಂ ಎಂದರು. ರೇಣು ಬಗ್ಗಿ ಇಬ್ಬರ ಕಾಲನ್ನೂ ಮುಟ್ಟಿದ. ಬಸ್ ಸ್ಟ್ಯಾಂಡಿನಲ್ಲಿ ಶಿರಾಳಕೊಪ್ಪದ ಕಡೆಯ ಬಸ್ಸು ಹಾರ್ನ್ ಒತ್ತುತ್ತಿರುವುದು ಅಲ್ಲಿಯವರೆಗೂ ಕೇಳುತ್ತಿತ್ತು. ಬ್ಯಾಗನ್ನು ಎರಡೂ ಹೆಗಲಿಗೇರಿಸಿ ಗೇಟು ದಾಟಿದ. ಮೊದಲು ನಡೆದ, ಬೀದಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಓಡುತ್ತಿದ್ದ.